ಮುದ್ರೆ, ರಬ್ಬರು, ಕಾಗದ: ಕೈಯಲ್ಲಿ ಮಾಡಿದ ಶುಭಾಶಯ ಪತ್ರದ ಚರಿತ್ರೆ

1843ನೆಯ ಇಸವಿ. ಆ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಉದ್ಯಮಿ ಥಾಮಸ್ ಹ್ಯಾಂಕಾಕ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಅದೇ ಲಂಡನ್ನಿನಲ್ಲಿ, ವರ್ಷದ ಕೊನೆಯ ಹೊತ್ತಿಗೆ, ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ ಜಗತ್ತಿನ ಮೊದಲ ಮುದ್ರಿತ ಕ್ರಿಸ್‌ಮಸ್ ಶುಭಾಶಯ ಪತ್ರವನ್ನು ಅಚ್ಚು ಹಾಕಿಸಿದರು.

ಈ ಮೂವರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಆದರೂ ಇಂದು ಒಬ್ಬ ವಿದ್ಯಾರ್ಥಿನಿ ಪೆನ್ಸಿಲ್ ರಬ್ಬರಿನ ಮೇಲೆ ಹೂವನ್ನು ಕೊರೆದು, ಬಣ್ಣಕ್ಕೆ ಅದ್ದಿ, ದಪ್ಪ ಕಾಗದದ ಮೇಲೆ ಒತ್ತಿ ಗೆಳತಿಗೆ ಯುಗಾದಿಯ ಶುಭಾಶಯ ಕಳುಹಿಸಿದರೆ, ಈ ಮೂರೂ ಎಳೆಗಳು ಅವಳ ಕೈಯಲ್ಲಿ ಸೇರುತ್ತವೆ. ಅಚ್ಚಿನ ಕಲೆ, ರಬ್ಬರಿನ ವಿಜ್ಞಾನ, ಅಂಚೆಯಲ್ಲಿ ಹೋಗುವ ಶುಭಾಶಯ: ಇವು ಹೇಗೆ ಬಂದವು, ಹೇಗೆ ಒಂದುಗೂಡಿದವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮುದ್ರೆ ಎಂದರೆ ಮಾತು ಕೊಟ್ಟಂತೆ

ರಬ್ಬರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಮುದ್ರೆ ಇತ್ತು. ಸಿಂಧೂ ಕಣಿವೆಯ ಊರುಗಳಲ್ಲಿ ಬಳಪದಂಥ ಮೆದುಕಲ್ಲಿನಲ್ಲಿ ಕೊರೆದ ಚೌಕಾಕಾರದ ಮುದ್ರೆಗಳು ದೊರೆತಿರುವುದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಅವುಗಳ ಬಳಕೆ ಏನೆಂಬುದಕ್ಕೆ ಒಳ್ಳೆಯ ಸಾಕ್ಷಿ ಗುಜರಾತಿನ ಲೋಥಲ್‌ನಲ್ಲಿ ಸಿಕ್ಕಿದೆ. ಅಲ್ಲಿನ ಉಗ್ರಾಣದ ಅವಶೇಷಗಳಲ್ಲಿ ಮುದ್ರೆ ಒತ್ತಿದ ಜೇಡಿಮಣ್ಣಿನ ತುಂಡುಗಳು ದೊರೆತವು. ಅವುಗಳ ಹಿಂಬದಿಯಲ್ಲಿ ಬಟ್ಟೆಯ, ಚಾಪೆಯ, ಹಗ್ಗದ ಗುರುತುಗಳಿದ್ದವು. ಅಂದರೆ ಸರಕಿನ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ವ್ಯಾಪಾರಿ ತನ್ನ ಮುದ್ರೆಯನ್ನು ಒತ್ತುತ್ತಿದ್ದ. ಮಣ್ಣು ಒಡೆದಿದ್ದರೆ ಮೂಟೆಯನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ. ದೂರದಲ್ಲಿರುವ, ಮುಖ ಕಾಣದ ಮನುಷ್ಯನ ಮಾತನ್ನು ನಂಬುವುದಕ್ಕೆ ಮುದ್ರೆ ಆಧಾರವಾಯಿತು.

ನಮ್ಮ ನಾಡಿನ ತಾಮ್ರಶಾಸನಗಳಲ್ಲಿಯೂ ಇದೇ ಪದ್ಧತಿ. ತಾಮ್ರದ ಹಲಗೆಗಳನ್ನು ಬಳೆಯಂಥ ಕೊಂಡಿಯಲ್ಲಿ ಪೋಣಿಸಿ, ಕೊಂಡಿಯ ತುದಿಗಳು ಸೇರುವಲ್ಲಿ ಅರಸನ ಮುದ್ರೆಯನ್ನು ಕೂಡಿಸುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ, ರಾಷ್ಟ್ರಕೂಟರ ಮುದ್ರೆಯಲ್ಲಿ ಗರುಡ. ಓದು ಬಾರದವನಿಗೂ ಆನೆಯನ್ನು ಕಂಡರೆ ದಾನ ಕೊಟ್ಟವರು ಯಾರೆಂದು ತಿಳಿಯುತ್ತಿತ್ತು.

'ಮುದ್ರೆ' ಎಂಬ ಮಾತು ಕನ್ನಡದಲ್ಲಿ ಇಲ್ಲಿಗೇ ನಿಲ್ಲಲಿಲ್ಲ. ವಚನಕಾರರೂ ಹರಿದಾಸರೂ ತಮ್ಮ ರಚನೆಯ ಕೊನೆಗೆ ಇಡುವ ಅಂಕಿತಕ್ಕೆ ಮುದ್ರಿಕೆ ಎಂದೇ ಹೆಸರು. ಕೂಡಲಸಂಗಮದೇವ ಎಂದು ಕಂಡರೆ ಅದು ಬಸವಣ್ಣನವರದು, ಪುರಂದರ ವಿಠಲ ಎಂದಿದ್ದರೆ ಪುರಂದರದಾಸರದು. ಮಾಧ್ವ ಮನೆಗಳಲ್ಲಿ ಪ್ರತಿ ಬೆಳಿಗ್ಗೆ ಗೋಪೀಚಂದನವನ್ನು ತೇಯ್ದು, ಶಂಖ ಚಕ್ರಗಳ ಲೋಹದ ಅಚ್ಚುಗಳನ್ನು ಅದರಲ್ಲಿ ಅದ್ದಿ ಮೈಮೇಲೆ ಒತ್ತಿಕೊಳ್ಳುವ ರೂಢಿ ಇದೆ. ಉಡುಪಿಯಲ್ಲಿ ಆಷಾಢ ಶುದ್ಧ ಏಕಾದಶಿಯಂದು ಕಾಯಿಸಿದ ಮುದ್ರೆಗಳನ್ನು ಧರಿಸುವ ತಪ್ತಮುದ್ರಾಧಾರಣೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಹೀಗೆ ಅರಸನ ಆಜ್ಞೆ, ಕವಿಯ ಹೆಸರು, ಭಕ್ತನ ಗುರುತು ಮೂರಕ್ಕೂ ನಮ್ಮಲ್ಲಿ ಒಂದೇ ಪದ.

ಈ ಮುದ್ರೆಗಳೆಲ್ಲ ಕಲ್ಲು, ಲೋಹ, ಮರ, ದಂತಗಳಲ್ಲಿ ಮಾಡಿದಂಥವು. ಮಣ್ಣಿನ ಮೇಲೆ, ಅರಗಿನ ಮೇಲೆ, ಬಟ್ಟೆಯ ಮೇಲೆ ಅವು ಚೆನ್ನಾಗಿ ಮೂಡುತ್ತಿದ್ದವು. ಆದರೆ ಒರಟು ಕಾಗದದ ಮೇಲೆ ಗಟ್ಟಿ ಲೋಹವನ್ನು ಒತ್ತಿದರೆ ಉಬ್ಬಿದ ಕಡೆ ಮಾತ್ರ ಬಣ್ಣ ಹತ್ತಿ, ತಗ್ಗಿದ ಕಡೆ ಬಿಟ್ಟುಹೋಗುತ್ತದೆ. ಕಾಗದದ ಏರಿಳಿತಕ್ಕೆ ತಾನೇ ಬಾಗಿಕೊಡುವ, ಮತ್ತೆ ಮೊದಲಿನ ಆಕಾರಕ್ಕೆ ಮರಳುವ ವಸ್ತುವೊಂದು ಬೇಕಾಗಿತ್ತು.

ಅಳಿಸುವ ಅಂಟು

ದಕ್ಷಿಣ ಅಮೆರಿಕದ ಕಾಡಿನ ಜನ ಮರದ ಹಾಲಿನಿಂದ ಚೆಂಡು, ಪಾದರಕ್ಷೆ, ಸೀಸೆಗಳನ್ನು ಬಹಳ ಕಾಲದಿಂದ ಮಾಡಿಕೊಳ್ಳುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ಲಾ ಕೊಂಡಮೀನ್ 1736ರಲ್ಲಿ ಅದರ ಮಾದರಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದರು. ಯೂರೋಪಿನವರಿಗೆ ಅದರಿಂದ ಏನು ಮಾಡಬೇಕೆಂಬುದು ಬೇಗ ಹೊಳೆಯಲಿಲ್ಲ. 1770ರಲ್ಲಿ ರಸಾಯನವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ತಮ್ಮ ಪುಸ್ತಕವೊಂದರಲ್ಲಿ, ಪೆನ್ಸಿಲ್ ಗೆರೆಗಳನ್ನು ಉಜ್ಜಿ ಅಳಿಸಲು ಬಹಳ ಚೆನ್ನಾಗಿ ಒದಗುವ ವಸ್ತುವೊಂದು ಲಂಡನ್ನಿನ ನೇರ್ನ್ ಎಂಬ ಉಪಕರಣ ತಯಾರಕರ ಬಳಿ ಮಾರಾಟಕ್ಕಿದೆ ಎಂದು ದಾಖಲಿಸಿದರು. ಅರ್ಧ ಅಂಗುಲದ ಘನಾಕಾರದ ತುಂಡಿಗೆ ಮೂರು ಷಿಲಿಂಗ್ ಬೆಲೆ! ಉಜ್ಜುವ ವಸ್ತುವಾದ್ದರಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ 'ರಬ್ಬರ್' ಎಂಬ ಹೆಸರು ಬಂತು. ಇಂದು ನಿಮ್ಮ ಕಂಪಾಸು ಪೆಟ್ಟಿಗೆಯಲ್ಲಿರುವ ತುಂಡು ಬಹುಪಾಲು ವಿನೈಲ್ ಪ್ಲಾಸ್ಟಿಕ್ಕಿನದು. ಆದರೂ ನಾವು ಅದನ್ನು ರಬ್ಬರ್ ಎಂದೇ ಕರೆಯುತ್ತೇವೆ.

ಕಚ್ಚಾ ರಬ್ಬರಿಗೆ ಒಂದು ದೊಡ್ಡ ಕೊರತೆಯಿತ್ತು. ಬೇಸಿಗೆಯಲ್ಲಿ ಅದು ಅಂಟಂಟಾಗಿ ಕರಗುತ್ತಿತ್ತು, ಚಳಿಗಾಲದಲ್ಲಿ ಬಿರುಸಾಗಿ ಬಿರುಕು ಬಿಡುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದಕ್ಕೆ ಪರಿಹಾರ ಹುಡುಕುತ್ತ ಆಸ್ತಿಯನ್ನೆಲ್ಲ ಕಳೆದುಕೊಂಡರು, ಸಾಲಕ್ಕಾಗಿ ಸೆರೆಮನೆಗೂ ಹೋಗಿಬಂದರು. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಗುಲಿದಾಗ ಕರಗುವ ಬದಲು ತೊಗಲಿನಂತೆ ಹದವಾಯಿತೆಂದು ಕಂಡುಕೊಂಡರು. ಅವರ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅವುಗಳನ್ನು ನೋಡಿ, ಅವುಗಳಲ್ಲಿ ಗಂಧಕವಿರುವುದನ್ನು ಗುರುತಿಸಿ, ತಾವೂ ಪ್ರಯೋಗ ನಡೆಸಿದ ಹ್ಯಾಂಕಾಕ್ 1843ರಲ್ಲಿ ಬ್ರಿಟನ್ನಿನಲ್ಲಿ ಹಕ್ಕು ಪಡೆಯಲು ಮುಂದಾದರು. ಗುಡ್‌ಇಯರ್‌ಗೆ ಅಮೆರಿಕದ ಪೇಟೆಂಟ್ ದೊರೆತದ್ದು 1844ರ ಜೂನ್‌ನಲ್ಲಿ. ಹ್ಯಾಂಕಾಕ್ ಅವರ ಸ್ನೇಹಿತ ಬ್ರಾಕೆಡನ್ ಈ ಕ್ರಿಯೆಗೆ ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ 'ವಲ್ಕನೀಕರಣ' ಎಂದು ಹೆಸರಿಟ್ಟರು. 1860ರಲ್ಲಿ ಗುಡ್‌ಇಯರ್ ತೀರಿಕೊಂಡಾಗ ಅವರ ಮೇಲೆ ದೊಡ್ಡ ಸಾಲವೇ ಉಳಿದಿತ್ತು.

ಇದರ ಹಿಂದಿನ ವಿಜ್ಞಾನ ಸರಳ. ರಬ್ಬರೆಂದರೆ ಐಸೊಪ್ರೀನ್ ಎಂಬ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಒಂದರ ಹಿಂದೆ ಒಂದು ಕೂಡಿ ಆದ ಉದ್ದನೆಯ ಸರಪಳಿಗಳು. ಕಚ್ಚಾ ರಬ್ಬರಿನಲ್ಲಿ ಈ ಸರಪಳಿಗಳು ಶಾವಿಗೆಯ ಎಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಕಾಯಿಸಿದಾಗ ಗಂಧಕದ ಪರಮಾಣುಗಳು ಸರಪಳಿಯಿಂದ ಸರಪಳಿಗೆ ಅಲ್ಲಲ್ಲಿ ಸೇತುವೆ ಕಟ್ಟುತ್ತವೆ. ಆಗ ಒತ್ತಿದರೆ ಬಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಕಾಗದದ ಮೇಲೆ ಒತ್ತುವ ಅಚ್ಚಿಗೆ ಬೇಕಾಗಿದ್ದ ಗುಣ ಇದೇ.

ಹಲ್ಲಿನ ವೈದ್ಯರ ಪಾತ್ರೆಯಿಂದ ಕಚೇರಿಯ ಮೇಜಿಗೆ

ಗಂಧಕವನ್ನು ಹೆಚ್ಚು ಬೆರೆಸಿದರೆ ರಬ್ಬರು ಮರದಷ್ಟು ಗಟ್ಟಿಯಾಗುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ದಂತವೈದ್ಯರು ಈ ಗಟ್ಟಿ ರಬ್ಬರಿನಿಂದ ಕಟ್ಟು ಹಲ್ಲುಗಳ ವಸಡನ್ನು ಮಾಡತೊಡಗಿದರು. ರೋಗಿಯ ಬಾಯಿಯ ಪಡಿಯಚ್ಚನ್ನು ಗಾರೆಪುಡಿಯಲ್ಲಿ ತೆಗೆದು, ಅದರಲ್ಲಿ ರಬ್ಬರು ತುಂಬಿ, ಮುಚ್ಚಳ ಬಿಗಿದ ಪುಟ್ಟ ಆವಿಪಾತ್ರೆಯಲ್ಲಿ ಬೇಯಿಸುತ್ತಿದ್ದರು. ನಮ್ಮ ಅಡುಗೆಮನೆಯ ಕುಕ್ಕರಿನಂಥದೇ ಪಾತ್ರೆ. ಬಾಯಿಯ ಪಡಿಯಚ್ಚಿನ ಬದಲು ಅಕ್ಷರಗಳ ಪಡಿಯಚ್ಚನ್ನು ಇಟ್ಟರೆ ಅಕ್ಷರಗಳ ರಬ್ಬರು ಸಿಗಬೇಕಷ್ಟೆ. 1860ರ ದಶಕದಲ್ಲಿ ಈ ಯೋಚನೆ ಅಮೆರಿಕದಲ್ಲಿ ಹಲವರಿಗೆ ಹೊಳೆಯಿತು. ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಪಟ್ಟಣದ ಜೇಮ್ಸ್ ವುಡ್ರಫ್ ಎಂಬವರು ದಂತವೈದ್ಯರಾಗಿದ್ದ ತಮ್ಮ ಬಂಧುವಿನ ಪಾತ್ರೆಯಲ್ಲಿಯೇ ಪ್ರಯೋಗ ಮಾಡಿದರೆಂಬುದು ಪ್ರಸಿದ್ಧ. ಮೊದಲಿಗರು ತಾವೆಂದು ಹೇಳಿಕೊಂಡವರು ಬೇರೆಯೂ ಇದ್ದಾರೆ.

ರಬ್ಬರಿನ ಠಸ್ಸೆ ಅಗ್ಗವಾಗಿತ್ತು, ಹಗುರವಾಗಿತ್ತು, ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಬ್ಯಾಂಕು, ರೈಲ್ವೆ, ಅಂಚೆ, ನ್ಯಾಯಾಲಯ, ಶಾಲೆಗಳಿಗೆ ಹರಡಿತು. ಭಾರತದಲ್ಲಿ ಠಸ್ಸೆಯಿಲ್ಲದ ಕಾಗದಕ್ಕೆ ಬೆಲೆಯೇ ಇಲ್ಲವೆನ್ನುವ ಮಟ್ಟಿಗೆ ಅದು ಆಡಳಿತದಲ್ಲಿ ಬೇರೂರಿತು. ತನ್ನ ಬುದ್ಧಿಯಿಂದ ತೀರ್ಮಾನ ಮಾಡದೆ ಬಂದದ್ದಕ್ಕೆಲ್ಲ ಒಪ್ಪಿಗೆ ಹಾಕುವವರನ್ನು 'ರಬ್ಬರ್ ಸ್ಟಾಂಪ್' ಎಂದು ನಮ್ಮ ಪತ್ರಿಕೆಗಳು ಬರೆಯುವುದನ್ನು ನೀವು ಓದಿದ್ದೀರಿ. ನಂಬಿಕೆಯ ಗುರುತಾಗಿದ್ದ ಮುದ್ರೆ ಹೀಗೆ ಯಾಂತ್ರಿಕತೆಯ ಗುರುತೂ ಆಯಿತು.

ನಮ್ಮ ಊರುಗಳಲ್ಲಿ ತಾಲ್ಲೂಕು ಕಚೇರಿ, ನ್ಯಾಯಾಲಯಗಳ ಆಸುಪಾಸಿನ ಸಣ್ಣ ಅಂಗಡಿಗಳಲ್ಲಿ ಠಸ್ಸೆ ತಯಾರಾಗುತ್ತಿದ್ದ ಬಗೆ ಹೀಗೆ: ಮೊದಲು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಚೌಕಟ್ಟಿನಲ್ಲಿ ಬಿಗಿಯಬೇಕು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ಅದನ್ನು ವಿಶೇಷ ರಟ್ಟಿನ ಮೇಲೋ ಗಾರೆಯ ಮೇಲೋ ಒತ್ತಿದಾಗ ಅಕ್ಷರ ನೇರವಾಗಿ, ಆದರೆ ತಗ್ಗಾಗಿ ಮೂಡುತ್ತದೆ. ಆ ತಗ್ಗಿನ ಮೇಲೆ ಕಚ್ಚಾ ರಬ್ಬರಿನ ಹಾಳೆಯಿಟ್ಟು, ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದ ಒತ್ತುಯಂತ್ರದಲ್ಲಿ ಕೆಲವು ನಿಮಿಷ ಬೇಯಿಸಿದರೆ ರಬ್ಬರು ತಗ್ಗಿನೊಳಗೆ ಇಳಿದು, ಅಕ್ಷರ ಮತ್ತೆ ತಿರುವುಮುರುವಾಗಿ ಉಬ್ಬುತ್ತದೆ. ಅದನ್ನು ಕತ್ತರಿಸಿ ಮರದ ಹಿಡಿಗೆ ಅಂಟಿಸಿ ಕಾಗದಕ್ಕೆ ಒತ್ತಿದಾಗ ಅಕ್ಷರ ನೇರವಾಗುತ್ತದೆ. ಒಟ್ಟು ಮೂರು ಸಲ ಕನ್ನಡಿಬಿಂಬ. 'ಕ'ದ ತಲೆಕಟ್ಟು, ಒತ್ತಕ್ಷರಗಳ ಬಾಲ ಎಲ್ಲವನ್ನೂ ಉಲ್ಟಾ ಓದಬಲ್ಲ ಕಣ್ಣು ಆ ಕಸುಬುದಾರರಿಗೆ ಇತ್ತು. ಮುಂದೆ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಪಾಲಿಮರ್ ದ್ರವ ಬಂತು, ಲೇಸರ್ ಕೊರೆತ ಬಂತು, ಒಳಗೇ ಮಸಿ ತುಂಬಿಕೊಂಡಿರುವ ಠಸ್ಸೆಗಳು ಬಂದವು. ಮೊಳೆ ಜೋಡಿಸುವ ಕೆಲಸ ಕಂಪ್ಯೂಟರಿನ ಪರದೆಗೆ ಸರಿಯಿತು.

ರಬ್ಬರಿಗೆ ತೆತ್ತ ಬೆಲೆ

ಠಸ್ಸೆಯಂಥ ಪುಟ್ಟ ವಸ್ತುವಿಗೆ ಬೇಕಾಗುವ ರಬ್ಬರು ಅತ್ಯಲ್ಪ. ಆದರೆ ಸೈಕಲ್ಲು, ಮೋಟಾರುಗಳ ಟೈರಿಗಾಗಿ 19ನೆಯ ಶತಮಾನದ ಕೊನೆಯಲ್ಲಿ ರಬ್ಬರಿಗೆ ಬಂದ ಬೇಡಿಕೆ ಭಯಂಕರವಾಗಿತ್ತು. ಆಫ್ರಿಕದ ಕಾಂಗೋ ಪ್ರದೇಶ 1885ರಿಂದ 1908ರವರೆಗೆ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿತ್ತು. ಅಲ್ಲಿನ ಹಳ್ಳಿಗರು ಕಾಡುಬಳ್ಳಿಗಳಿಂದ ನಿಗದಿಯಾದಷ್ಟು ರಬ್ಬರನ್ನು ತಂದೊಪ್ಪಿಸಬೇಕು, ಇಲ್ಲವಾದರೆ ಕೊಲೆ, ಒತ್ತೆಸೆರೆ, ಊರು ಸುಡುವುದು. ಸೈನಿಕರು ಜನರ ಕೈಗಳನ್ನೇ ಕತ್ತರಿಸಿದರು. ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್ ಅವರ 1904ರ ವರದಿಯೂ, ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಛಾಯಾಚಿತ್ರಗಳೂ ಈ ಕ್ರೌರ್ಯವನ್ನು ಜಗತ್ತಿನ ಮುಂದಿಟ್ಟವು. 1908ರಲ್ಲಿ ಆ ಪ್ರದೇಶ ದೊರೆಯ ಕೈತಪ್ಪಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಹೋಯಿತು. ಕೈಕಸುಬಿನ ಚರಿತ್ರೆ ಬರೆಯುವಾಗ ಈ ಕೈಗಳ ಚರಿತ್ರೆಯನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ.

ತೋಟದ ರಬ್ಬರಿನ ಕಥೆ ಬೇರೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಬ್ರೆಜಿಲ್ಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದರು. ಇಪ್ಪತ್ತರಲ್ಲಿ ಒಂದರಷ್ಟೂ ಮೊಳೆಯಲಿಲ್ಲ. ಮೊಳೆತ ಸಸಿಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಬಂದವು. ಏಷ್ಯದ ರಬ್ಬರ್ ತೋಟಗಳಿಗೆ ಆ ಸಸಿಗಳೇ ಮೂಲ. ಭಾರತದಲ್ಲಿ ವಾಣಿಜ್ಯ ಮಟ್ಟದ ಮೊದಲ ತೋಟ 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ, ಪೆರಿಯಾರ್ ನದಿಯ ದಂಡೆಯಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ರಬ್ಬರು ಬೆಳೆಯುತ್ತದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕೆಯಿಂದ ಭಾರತಕ್ಕೆ ಕಳುಹಿಸಲ್ಪಟ್ಟ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಯೂರಿದವು. ಬೆಳಗಿನ ಜಾವ ಮರದ ತೊಗಟೆ ಕೆತ್ತಿ, ಚಿಪ್ಪಿನಲ್ಲಿ ಹಾಲು ಹಿಡಿಯುವ ಅವರ ದುಡಿಮೆ ನಮ್ಮ ರಾಜ್ಯದ ರಬ್ಬರಿನ ಚರಿತ್ರೆಯ ಭಾಗ.

ಒಂದು ಪೆನ್ನಿಯ ಅಂಚೆ, ಒಂದು ಷಿಲಿಂಗಿನ ಪತ್ರ

ಈಗ ಶುಭಾಶಯ ಪತ್ರಕ್ಕೆ ಬರೋಣ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಹೋಗುವ ವ್ಯವಸ್ಥೆ ಬಂತು. ಆ ಸುಧಾರಣೆಗಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬರು. ಅಂಚೆ ಅಗ್ಗವಾದದ್ದೇ ತಡ, ಹಬ್ಬದ ಹೊತ್ತಿಗೆ ಪತ್ರಗಳು ರಾಶಿ ಬೀಳತೊಡಗಿದವು. ಎಲ್ಲರಿಗೂ ಉತ್ತರ ಬರೆಯಲು ಪುರುಸೊತ್ತಿಲ್ಲದ ಕೋಲ್, ಕಲಾವಿದ ಜಾನ್ ಹಾರ್ಸ್‌ಲಿಯವರಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣಗಾರರಿಂದ ಕೈಯಲ್ಲೇ ಬಣ್ಣ ತುಂಬಿಸಿದರು. ಮಿಕ್ಕ ಪ್ರತಿಗಳನ್ನು ಒಂದು ಷಿಲಿಂಗಿಗೆ ಮಾರಾಟಕ್ಕಿಟ್ಟರು. ಚಿತ್ರದಲ್ಲಿ ಮಗುವಿಗೆ ದ್ರಾಕ್ಷಾರಸ ಕುಡಿಸುವ ದೃಶ್ಯವಿದೆಯೆಂದು ಪಾನವಿರೋಧಿಗಳು ಆಕ್ಷೇಪಿಸಿದ್ದೂ ಉಂಟು. 'ಮಂಗಳೂರ ಸಮಾಚಾರ'ವೂ ಈ ಪತ್ರವೂ ಒಂದೇ ಬಗೆಯ ಕಲ್ಲಚ್ಚಿನ ಕೂಸುಗಳೆಂಬುದನ್ನು ನೆನಪಿಡಿ.

ಕೈಕೆಲಸದ ದೃಷ್ಟಿಯಿಂದ ಇನ್ನೂ ಮುಖ್ಯವಾದವರು ಅಮೆರಿಕದ ವೂಸ್ಟರ್ ಪಟ್ಟಣದ ಎಸ್ತರ್ ಹೌಲ್ಯಾಂಡ್. 1847ರಲ್ಲಿ ಮೌಂಟ್ ಹೋಲಿಯೋಕ್‌ನಲ್ಲಿ ಓದು ಮುಗಿಸಿದ ಅವರು, ಇಂಗ್ಲೆಂಡಿನಿಂದ ಬಂದ ಪ್ರೇಮಪತ್ರವೊಂದರ ಕಸೂತಿಯಂಥ ಕಾಗದವನ್ನು ಕಂಡು ತಾವೂ ಮಾಡಬಲ್ಲೆನೆಂದು ಹೊರಟರು. ತಂದೆಯದು ಲೇಖನ ಸಾಮಗ್ರಿಯ ಅಂಗಡಿ. ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದ ಅಣ್ಣನ ಕೈಯಲ್ಲಿ ಮಾದರಿಗಳನ್ನು ಕೊಟ್ಟು 200 ಡಾಲರಿನ ಬೇಡಿಕೆ ಬಂದೀತೆಂದು ಕಾದಿದ್ದರಂತೆ, 5,000 ಡಾಲರಿಗೂ ಮೀರಿ ಬಂತಂತೆ. ಗೆಳತಿಯರನ್ನು ಮನೆಗೆ ಕರೆದು ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸುವುದು, ಒಬ್ಬಳು ಅಂಟಿಸುವುದು ಹೀಗೆ ಕೆಲಸ ಹಂಚಿದರು. ಜಾಲರಿ ಕಾಗದದ ಹಿಂದೆ ಬಣ್ಣದ ಕಾಗದವಿಟ್ಟು ತೂತುಗಳಲ್ಲಿ ಬಣ್ಣ ಇಣುಕುವಂತೆ ಮಾಡಿದರು. ಮಡಿಸಿದ ಕಾಗದದ ಪುಟ್ಟ ಸ್ಪ್ರಿಂಗುಗಳ ಮೇಲೆ ಒಂದೊಂದೇ ಪದರವನ್ನು ಎತ್ತರಿಸಿ ನೆರಳು ಬೀಳುವಂತೆ ಮಾಡಿದರು. ಇಂದು ಕೈಯಿಂದ ಮಾಡುವ ಪದರ ಪತ್ರಗಳ ತಂತ್ರ ಬಹುಪಾಲು ಇದೇ. ಹೆಣ್ಣುಮಕ್ಕಳಿಗೆ ಸ್ವಂತ ದುಡಿಮೆಯ ದಾರಿಗಳು ತೀರ ಕಡಿಮೆಯಿದ್ದ ಕಾಲದಲ್ಲಿ ಹೌಲ್ಯಾಂಡ್ ಹಲವು ಹೆಂಗಸರಿಗೆ ಸಂಬಳದ ಕೆಲಸ ಕೊಟ್ಟರು.

1870ರ ದಶಕದಲ್ಲಿ ಜರ್ಮನಿಯ ಮೂಲದ ಲೂಯಿ ಪ್ರ್ಯಾಂಗ್ ಬಾಸ್ಟನ್ನಿನಲ್ಲಿ ಬಹುವರ್ಣದ ಕಲ್ಲಚ್ಚಿನಿಂದ ಶುಭಾಶಯ ಪತ್ರಗಳನ್ನು ಅಚ್ಚು ಹಾಕತೊಡಗಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅಲ್ಲಿಂದ ಮುಂದೆ ಪತ್ರ ಕಾರ್ಖಾನೆಯ ಸರಕಾಯಿತು. ಆದರೂ ಕೈಯಿಂದ ಮಾಡಿದ ಒಂದು ಚಿತ್ರ ಮುಂದೆ ಇಡೀ ಜಗತ್ತನ್ನು ಸುತ್ತಿತು. ಎರಡನೆಯ ಮಹಾಯುದ್ಧದ ನಂತರ ಯುನಿಸೆಫ್ ಕೊಟ್ಟ ಹಾಲು, ಆಹಾರಕ್ಕೆ ಕೃತಜ್ಞತೆಯಾಗಿ ಚೆಕೊಸ್ಲೊವಾಕಿಯದ ಏಳು ವರ್ಷದ ಹುಡುಗಿ ಯಿತ್ಕಾ ಸಾಂಕೋವಾ ಒಂದು ಚಿತ್ರ ಬರೆದಳು. ಕಾಗದ ಸಿಗದ ಕಾಲವಾದ್ದರಿಂದ ಗಾಜಿನ ಮೇಲೆ ಬರೆದಳೆಂದು ಹೇಳುತ್ತಾರೆ. 1949ರಲ್ಲಿ ಅದೇ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು.

ಬಿಜಾಪುರದ ಮೋಡದ ಕಾಗದ

ಕಾಗದವನ್ನು ಅಲಂಕರಿಸುವ ಕಲೆ ಪಶ್ಚಿಮದಿಂದ ಮಾತ್ರ ಬಂದದ್ದೆಂದು ಭಾವಿಸಬೇಕಾಗಿಲ್ಲ. 17ನೆಯ ಶತಮಾನದ ಆದಿಲಶಾಹಿ ಬಿಜಾಪುರ, ಅಂದರೆ ಇಂದಿನ ವಿಜಯಪುರ, 'ಅಬ್ರಿ' ಕಾಗದದ ಚಿತ್ರಗಳಿಗೆ ಹೆಸರಾದದ್ದು. ಪಾರ್ಸಿ ಭಾಷೆಯಲ್ಲಿ ಅಬ್ರ್ ಎಂದರೆ ಮೋಡ. ಮೆಂತ್ಯದಂಥ ವಸ್ತುಗಳ ಲೋಳೆಯಿಂದ ನೀರನ್ನು ಮಂದ ಮಾಡಿ, ಅದರ ಮೇಲೆ ಬಣ್ಣದ ಹನಿಗಳನ್ನು ತೇಲಿಸಿ, ಕಡ್ಡಿಯಿಂದ ಮೆಲ್ಲಗೆ ಎಳೆದು, ಮೇಲೆ ಕಾಗದವನ್ನು ಹಾಸಿ ಎತ್ತಿದರೆ ಮೋಡದಂಥ, ಅಮೃತಶಿಲೆಯಂಥ ವಿನ್ಯಾಸ ಕಾಗದಕ್ಕೆ ಹತ್ತುತ್ತದೆ. ಸಾಮಾನ್ಯವಾಗಿ ಇದನ್ನು ಪುಸ್ತಕದ ಅಂಚಿಗೆ, ರಟ್ಟಿಗೆ ಬಳಸುತ್ತಿದ್ದರು. ದಖನ್ನಿನ ಕಲಾವಿದರು ಒಂದು ಹೆಜ್ಜೆ ಮುಂದೆ ಹೋದರು. ಬಣ್ಣ ಹತ್ತಬಾರದ ಜಾಗವನ್ನು ಮರೆಮಾಡಿ, ಕುದುರೆಯ ಮೈಯನ್ನೋ ಮನುಷ್ಯನ ಉಡುಪನ್ನೋ ಮಾತ್ರ ಅಬ್ರಿಯಲ್ಲಿ ತುಂಬಿದರು. ಬಡಕಲು ಕುದುರೆಯನ್ನೇರಿದ ಸನ್ಯಾಸಿಯ ಇಂಥದೊಂದು ಬಿಜಾಪುರದ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಮಥುರಾ, ವೃಂದಾವನಗಳಲ್ಲಿ ಕಾಗದವನ್ನು ಸೂಕ್ಷ್ಮವಾಗಿ ಕತ್ತರಿಸಿ, ಅದರ ಮೂಲಕ ಬಣ್ಣದ ಪುಡಿ ಉದುರಿಸಿ ಕೃಷ್ಣಲೀಲೆಯನ್ನು ನೆಲದ ಮೇಲೆ ಮೂಡಿಸುವ ಸಾಂಝೀ ಕಲೆಯಿದೆ. ಅಚ್ಚಿನ ಡಬ್ಬಿಯಿಂದ ಹೊಸ್ತಿಲ ಮುಂದೆ ರಂಗೋಲಿ ಬಿಡುವ ನಮ್ಮ ಮನೆಯವರಿಗೆ ಆ ತತ್ತ್ವ ಹೊಸದೇನಲ್ಲ.

ಅಧಿಕಾರದ ಉಪಕರಣ ಆಟಿಕೆಯಾದದ್ದು

ಕಚೇರಿಯ ಠಸ್ಸೆಯನ್ನು ಚಿತ್ರಕ್ಕೆ ಬಳಸಿದ ಮೊದಲಿಗರಲ್ಲಿ ಜರ್ಮನಿಯ ಕುರ್ಟ್ ಶ್ವಿಟರ್ಸ್ ಒಬ್ಬರು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಅವರು ಸರಕು, ಅಂಚೆ, ಕಚೇರಿಗಳ ಠಸ್ಸೆಗಳನ್ನು ಒತ್ತಿ ಚಿತ್ರ ರಚಿಸಿದರು. ಅಪ್ಪಣೆ ಕೊಡುವ ಠಸ್ಸೆಗಳು ಅವರ ಕಾಗದದ ಮೇಲೆ ಅರ್ಥವಿಲ್ಲದ ಗೊಂಬೆಗಳಾದವು. ಜಪಾನಿನಲ್ಲಿ 1931ರಲ್ಲಿ ಫುಕುಯಿ ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ತಾವೇ ಒತ್ತಿಕೊಳ್ಳಲೆಂದು ಚಿತ್ರದ ಠಸ್ಸೆಯೊಂದನ್ನು ಇಟ್ಟರು. ಆ ಪದ್ಧತಿ ದೇಶದ ನಿಲ್ದಾಣಗಳಿಗೆಲ್ಲ ಹಬ್ಬಿತು. ಯಾರ ಅನುಮತಿಯೂ ಬೇಡ, ಬಂದುಹೋದ ನೆನಪಿಗೆ ಒಂದು ಮುದ್ರೆ! 1960ರ ದಶಕದಲ್ಲಿ ಅಮೆರಿಕದ ರೇ ಜಾನ್ಸನ್ ಮುಂತಾದವರು ಅಂಚೆಯಲ್ಲೇ ಕಲೆಯನ್ನು ವಿನಿಮಯ ಮಾಡಿಕೊಳ್ಳತೊಡಗಿದಾಗ ಲಕೋಟೆಗಳ ಮೇಲೆ ಸ್ವಂತ ಠಸ್ಸೆಗಳು ಕಾಣಿಸಿದವು. 1980ರಲ್ಲಿ ಈ ಹವ್ಯಾಸಕ್ಕೇ ಮೀಸಲಾದ 'ರಬ್ಬರ್‌ಸ್ಟಾಂಪ್‌ಮ್ಯಾಡ್‌ನೆಸ್' ಎಂಬ ಪತ್ರಿಕೆ ಅಲ್ಲಿ ಹುಟ್ಟಿತು. ಹೂವು, ಹಕ್ಕಿ, ಎಲೆಗಳ ಠಸ್ಸೆಗಳು ಅಂಗಡಿಗೆ ಬಂದು, ಕೈಯಿಂದ ಮಾಡಿದ ಪತ್ರಗಳಿಗೂ ಉಡುಗೊರೆಯ ಪೆಟ್ಟಿಗೆಗಳಿಗೂ ಅಲಂಕಾರವಾದವು.

ಮಾಡಿ ನೋಡುವವರಿಗೆ

ವಿದ್ಯಾರ್ಥಿ ಮಿತ್ರರೇ, ಇದನ್ನು ಕಲಿಯಲು ದುಬಾರಿ ಸಾಮಗ್ರಿ ಬೇಕಾಗಿಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು ಮೂಡುವುದನ್ನು ನೀವು ಚಿಕ್ಕ ತರಗತಿಯಲ್ಲೇ ಮಾಡಿದ್ದೀರಿ. ಪೆನ್ಸಿಲ್ ರಬ್ಬರಿನ ಮೇಲೆ ಕೊರೆಯುವುದು ಅದರ ಮುಂದಿನ ಹೆಜ್ಜೆ. ಬೇಕಾದ ಚಿತ್ರವನ್ನು ಬೆಣ್ಣೆಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಬರೆದು, ಮಗುಚಿ ರಬ್ಬರಿನ ಮೇಲಿಟ್ಟು ಬೆರಳಿನಿಂದ ಉಜ್ಜಿದರೆ ತಿರುವುಮುರುವಿನ ಚಿತ್ರ ತಾನಾಗಿಯೇ ಇಳಿಯುತ್ತದೆ. ಅಕ್ಷರ ಕೊರೆಯುವವರು ಇದನ್ನು ಮರೆಯಬಾರದು. ಗೆರೆಯ ಬದಿಯನ್ನು ಇಳಿಜಾರಾಗಿ ಕತ್ತರಿಸಿ. ನೇರವಾಗಿ ಒಳಸರಿದು ಕತ್ತರಿಸಿದರೆ ಗೆರೆಯ ಬುಡ ಸಣಕಲಾಗಿ, ಒತ್ತಿದಾಗ ಬಾಗುತ್ತದೆ. ಚೂರಿಯನ್ನು ಯಾವಾಗಲೂ ಕೈಯಿಂದ ಆಚೆಗೆ ನಡೆಸಿ.

ಠಸ್ಸೆಯ ಮೆತ್ತೆಗೆ ಹಾಕುವ ಸಾಮಾನ್ಯ ಮಸಿಯಲ್ಲಿ ನೀರು, ಬಣ್ಣ, ಗ್ಲಿಸರಿನ್ ಇರುತ್ತವೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರುವುದರಿಂದ ಮೆತ್ತೆ ಬೇಗ ಒಣಗುವುದಿಲ್ಲ. ಖನಿಜ ತೈಲದ ಮಸಿ ನೈಜ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಆದ್ದರಿಂದ ಅದು ಬೇಡ. ಹೀರುವ ಕಾಗದದಲ್ಲಿ ಮಸಿ ಹರಡಿ ಗೆರೆ ದಪ್ಪವಾಗುತ್ತದೆ, ನುಣುಪು ಕಾಗದದಲ್ಲಿ ಒಣಗದೆ ಒರೆಸಿಹೋಗುತ್ತದೆ. ಎರಡರ ನಡುವಿನ ಡ್ರಾಯಿಂಗ್ ಹಾಳೆ ಉತ್ತಮ. ಒಣಗದ ಮಸಿಯ ಮೇಲೆ ರಾಳದ ಸಣ್ಣ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಬಿಸಿ ತಾಕಿಸಿದರೆ ಪುಡಿ ಕರಗಿ ಅಕ್ಷರ ಉಬ್ಬಿ ಹೊಳೆಯುತ್ತದೆ. ಲಗ್ನಪತ್ರಿಕೆಗಳಲ್ಲಿ ಬೆರಳಿಗೆ ತಾಕುವ ಉಬ್ಬಕ್ಷರಗಳಲ್ಲಿ ಎಷ್ಟೋ ಈ ತತ್ತ್ವದಿಂದಲೇ ಆದವು. ಶಾಖ ಕೊಡುವಾಗ ದೊಡ್ಡವರು ಜೊತೆಗಿರಲಿ. ಒಂದು ಎಚ್ಚರಿಕೆ: ಶಾಲೆಯದಾಗಲಿ ಕಚೇರಿಯದಾಗಲಿ ಮೊಹರನ್ನು ಅನುಕರಿಸುವುದು ಆಟವಲ್ಲ, ಅಪರಾಧ. ಲೋಥಲ್‌ನ ವ್ಯಾಪಾರಿಯ ಕಾಲದಿಂದ ಮುದ್ರೆ ನಿಂತಿರುವುದೇ ಇನ್ನೊಬ್ಬರ ನಂಬಿಕೆಯ ಮೇಲೆ.

ನಮ್ಮಲ್ಲಿ ಸಂಕ್ರಾಂತಿಗೆ, ಯುಗಾದಿಗೆ ಅಂಚೆಯಲ್ಲಿ ಶುಭಾಶಯ ಪತ್ರ ಕಳುಹಿಸುವ ರೂಢಿ 1980–90ರ ದಶಕಗಳಲ್ಲಿ ಬಹಳ ಜೋರಾಗಿತ್ತು. ಉತ್ತರ ಕರ್ನಾಟಕದ ಕಡೆ ಲಕೋಟೆಯೊಳಗೆ ನಾಲ್ಕು ಕಾಳು ಕುಸುರೆಳ್ಳನ್ನೂ ಇಟ್ಟು ಕಳುಹಿಸುವವರಿದ್ದರು. ಮೊಬೈಲ್ ಫೋನು ಆ ರೂಢಿಯನ್ನು ಬಹುಮಟ್ಟಿಗೆ ಮುಗಿಸಿತು. ಒಂದೇ ಚಿತ್ರ ಒಂದೇ ಕ್ಷಣದಲ್ಲಿ ನೂರು ಜನರಿಗೆ ಹೋಗುತ್ತದೆ. ಆದರೂ ಸಾವಿರ ಪ್ರತಿ ಅಚ್ಚಾದ ಲಗ್ನಪತ್ರಿಕೆಯ ಒಂದೊಂದು ಪ್ರತಿಗೂ ಮನೆಯ ಹಿರಿಯರು ಕೂತು ಮೂಲೆಗಳಿಗೆ ಅರಿಶಿನ ಹಚ್ಚುವುದನ್ನು ನಾವು ಬಿಟ್ಟಿಲ್ಲ. ಯಂತ್ರ ಅಚ್ಚು ಹಾಕಿದ ಮೇಲೂ ಕರೆಯುವವರ ಬೆರಳು ಅದಕ್ಕೆ ತಾಕಿರಬೇಕೆಂಬ ಭಾವ ಅದರಲ್ಲಿದೆ.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಊರಿನಲ್ಲಿ ಸೀಸದ ಮೊಳೆ ಜೋಡಿಸಿ ಠಸ್ಸೆ ಮಾಡುತ್ತಿದ್ದ ಹಿರಿಯರು ಇನ್ನೂ ಇರಬಹುದು. ಅವರನ್ನು ಕಂಡು, ಯಾವ ಉಪಕರಣಗಳಿದ್ದವು, ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಒತ್ತಕ್ಷರಗಳನ್ನು ಹೇಗೆ ಹೊಂದಿಸುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಅವರ ಹಳೆಯ ಠಸ್ಸೆಗಳ ಒತ್ತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತೆಗೆದುಕೊಳ್ಳಿ. ಅವರ ಕಸುಬು ಪುಸ್ತಕಗಳಲ್ಲಿ ಹೆಚ್ಚು ದಾಖಲಾಗಿಲ್ಲ. ನೀವು ಬರೆದುಕೊಂಡರೆ ಅದು ಉಳಿಯುತ್ತದೆ.